ಹಸಿಗೋಡೆಯ ಎದುರು ಆಡಿದ ಮಾತು

ನಮ್ಮೂರಿನಲ್ಲಿ ಗೋಡೆ ಕಟ್ಟುವವರು ಮಾತಾಡುವುದಿಲ್ಲ. ಗಾರೆ ಹಸಿಯಾಗಿರುವಷ್ಟು ದಿನ ಅದರ ಎದುರು ಆಡಿದ್ದೆಲ್ಲ ಗೋಡೆಯಲ್ಲಿ ಉಳಿದುಕೊಳ್ಳುತ್ತದೆ. ಮೋಡ ಕವಿದು ಗಾಳಿಯಲ್ಲಿ ತೇವ ಏರಿದ ದಿನ ಗೋಡೆ ಅದನ್ನು ತಿರುಗಿ ಹೇಳುತ್ತದೆ. ಮೂರು ದಿನ ಕಳೆದು ಗಾರೆ ಗಟ್ಟಿಯಾದ ಮೇಲೆ ನೀವು ಅದರ ಮುಂದೆ ಹಾಡಿದರೂ ಸೈ, ಹಾರಾಡಿದರೂ ಸೈ, ಅದಕ್ಕೇನೂ ಹತ್ತುವುದಿಲ್ಲ. ಆ ಮೂರು ದಿನ ಮಾತ್ರ ಬಾಯಿ ಬಿಗಿಹಿಡಿಯಬೇಕು. ಕೆಲಸ ನಡೆಯುವ ಕಡೆ ಗಳಕ್ಕೊಂದು ಕೆಂಪು ಬಟ್ಟೆ ಕಟ್ಟಿರುತ್ತೇವೆ. ಅದನ್ನು ಕಂಡರೆ ಸೊಪ್ಪು ಮಾರುವವಳು ಕೂಗು ನಿಲ್ಲಿಸಿ ಪಕ್ಕದ ಬೀದಿಗೆ ತಿರುಗುತ್ತಾಳೆ. ನೆಗಡಿಯಾದ ಮಕ್ಕಳನ್ನು ತಾಯಂದಿರು ಒಳಗೆ ಎಳೆದುಕೊಳ್ಳುತ್ತಾರೆ. ಇಷ್ಟಾದರೂ ಎಡವಟ್ಟು ಆಗೇ ಆಗುತ್ತದೆ. ಅಂಚೆ ಕಚೇರಿಯ ಪಡಸಾಲೆ ಗೋಡೆ ಪ್ರತಿ ಮಳೆಗಾಲದಲ್ಲೂ ಸೀನುತ್ತದೆ. ಹೆಣ್ಣು ಕೊಡುವವರು ಗಂಡಿನ ಮನೆಗೆ ಬಿಸಿಲಿನ ದಿನ ಹೋಗುವುದಿಲ್ಲ. ಮೋಡದ ದಿನ ಹೋಗಿ, ಕಾಫಿ ಕುಡಿಯುವ ನೆಪದಲ್ಲಿ ಗೋಡೆಗೆ ಒರಗಿ ಕೂರುತ್ತಾರೆ.

ನಾನು ರುದ್ರೋಜಿ, ಗಾರೆ ಮೇಸ್ತ್ರಿ. ಐವತ್ತು ವರ್ಷ ಕರಣೆ ಹಿಡಿದವನು. ನಾನು ಕಟ್ಟಿದ ಗೋಡೆಗಳಲ್ಲಿ ಒಂದು ಪಿಸುಮಾತೂ ಇಲ್ಲ ಎಂದು ಮೀಸೆ ತಿರುವುತ್ತಿದ್ದವನು. ಒಂದೇ ಒಂದು ಬಿಟ್ಟು. ನಮ್ಮ ಮನೆಯ ಅಡುಗೆಮನೆ ಕಟ್ಟುವಾಗ ನನ್ನ ಹೆಂಡತಿ ಸಾವಂತ್ರಮ್ಮ ಮೈಮರೆತು ಬಾಗಿಲಲ್ಲಿ ನಿಂತು, "ಬಿಸ್ಲು ಏರ್ತು, ಉಂಡು ಹೋಗಿ" ಅಂದುಬಿಟ್ಟಳು. ಮೇಸ್ತ್ರಿಯ ಮನೆಯ ಗೋಡೆಯೇ ಮಾತಾಡುವಂತಾಯಿತಲ್ಲ ಎಂದು ಎರಡು ದಿನ ಅವಳೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವಳು ತೀರಿಹೋಗಿ ಈಗ ಆರು ವರ್ಷ. ಮಳೆಗಾಲದಲ್ಲಿ ದಿನಕ್ಕೆ ಒಂದೆರಡು ಸಲ ಊಟಕ್ಕೆ ಕರೆಯುತ್ತಾಳೆ. ಆ ಎರಡು ದಿನ ನೆನಪಾಗಿ ತುತ್ತು ಇಳಿಯುವುದಿಲ್ಲ.

ಕಸುಬು ಕಲಿಯಲು ಊರಿನ ಹುಡುಗರು ಬರುವುದು ನಿಂತು ಬಹಳ ಕಾಲವಾಗಿತ್ತು. ಬೆಳಗಿನಿಂದ ಸಂಜೆವರೆಗೆ ಬಾಯಿ ಮುಚ್ಚಿಕೊಂಡಿರುವುದು ಯಾರಿಗೆ ಬೇಕು? ಊರಿನಲ್ಲಿ ಮೇಸ್ತ್ರಿಗಳು ಹನ್ನೊಂದು ಜನ ಉಳಿದಿದ್ದೆವು, ಎಲ್ಲರ ತಲೆಯೂ ನೆರೆತದ್ದೇ. ಹಾಗಿರುವಾಗ ಒಂದು ದಿನ ಪುರಸಭೆಯ ಸದಸ್ಯೆ ದೇವೀರಮ್ಮ ಐದು ಜನ ಹೆಂಗಸರನ್ನು ಹಿಂದಿಟ್ಟುಕೊಂಡು ನಮ್ಮ ಜಗಲಿಗೆ ಬಂದಳು. ಐವರೂ ಆಚೆಯವರು.

ಆಚೆಯವರು ಎಂದರೆ ಅದಕ್ಕೆ ಒಂಬತ್ತು ವರ್ಷ ಮೊದಲು ಉಪ್ಪಿನ ಬಯಲು ದಾಟಿ ಬಂದವರು. ಅವರ ನೆಲವನ್ನು ಸಮುದ್ರ ತೆಗೆದುಕೊಂಡಿತಂತೆ. ನಮ್ಮಂಥ ಮೈಬಣ್ಣವಲ್ಲ, ನಮ್ಮಂಥ ಕೂದಲಲ್ಲ, ಮಾತಂತೂ ಅಲ್ಲವೇ ಅಲ್ಲ. ನಲವತ್ತು ಸಂಸಾರಗಳನ್ನು ಊರ ಹೊರಗಿನ ಹಳೆಯ ಛತ್ರದಲ್ಲಿ ಇರಿಸಿದ್ದರು. ಗಂಡಸರು ದಿನಸಿ ಮಂಡಿಯಲ್ಲಿ ಮೂಟೆ ಹೊರುತ್ತಿದ್ದರು, ಹೆಂಗಸರು ನಮ್ಮ ಹತ್ತಿರ ಗಾರೆ ಬಾಂಡ್ಲಿ ಹೊರುತ್ತಿದ್ದರು. ಹೆಸರು ಕೇಳುವ ಪದ್ಧತಿ ಇರಲಿಲ್ಲ. 'ಬಾಂಡ್ಲಿಯವಳು' ಎಂದರೆ ಯಾರಾದರೊಬ್ಬಳು ಬರುತ್ತಿದ್ದಳು. ಅವರಿಗೆ ಊರಿನೊಳಗೆ ಮನೆ ಕಟ್ಟಿಕೊಡಲು ಯಾವ ಮೇಸ್ತ್ರಿಯೂ ಒಪ್ಪಿರಲಿಲ್ಲ. ಅವರ ಮಾತು ನಮ್ಮ ಗಾರೆಯಲ್ಲಿ ಉಳಿದರೆ ಗತಿಯೇನು ಎಂಬುದು ನಾವು ಹೇಳುತ್ತಿದ್ದ ಕಾರಣ. ನಾನೂ ಹೇಳಿದ್ದೆ. ಹಿರಿಯ ಮೇಸ್ತ್ರಿಗಳಿಂದ ಕರಣೆ ಪಡೆಯದವರು ಊರಿನಲ್ಲಿ ಗೋಡೆ ಎಬ್ಬಿಸುವಂತಿಲ್ಲ ಎನ್ನುವುದು ಕಟ್ಟಳೆ. ಹಾಗಾಗಿ ಒಂಬತ್ತು ವರ್ಷ ಅವರು ಛತ್ರದಲ್ಲೇ ಸೀರೆಯ ಪರದೆ ಕಟ್ಟಿಕೊಂಡು ಬದುಕಿದರು.

"ಇವ್ರಿಗೆ ಕೆಲ್ಸ ಕಲ್ಸಿ ರುದ್ರಣ್ಣ," ಅಂದಳು ದೇವೀರಮ್ಮ. "ಶಾಲೆಗೆ ಹೊಸ ಕೋಣೆ ಆಗ್ಬೇಕು. ನಿಮ್ಮ ಹನ್ನೊಂದು ಜನದ್ರಲ್ಲಿ ಏಣಿ ಹತ್ತೋರು ಎಷ್ಟು ಜನ ಇದ್ದೀರಿ ಹೇಳಿ ನೋಡ್ವ."

"ಹೆಂಗಸ್ರು ಬಾಯಿ ಮುಚ್ಕೊಂಡಿರ್ತಾರಾ ತಾಯಿ?"

"ನಿಮ್ಮ ಹತ್ರ ಒಂಬತ್ ವರ್ಷದಿಂದ ಬಾಂಡ್ಲಿ ಹೊತ್ತವ್ರೆ. ಒಂದಿನಾನಾದ್ರೂ ಒಬ್ಳ ದನಿ ಕೇಳಿದ್ದೀರಾ?"

ಕೇಳಿರಲಿಲ್ಲ. ಅದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮೊದಲ ದಿನ ನಮ್ಮ ಕಸುಬಿನ ಪದ್ಧತಿಯಂತೆ ಐವರ ಅಂಗೈಯಲ್ಲೂ ಒಂದೊಂದು ಹುರಿದ ಹುಣಸೆ ಬೀಜ ಇಟ್ಟೆ. ಕೆಲಸಕ್ಕೆ ನಿಂತಾಗ ಅದು ನಾಲಗೆಯ ಕೆಳಗಿರಬೇಕು. ಬಾಯಿ ತೆರೆದರೆ ಬೀಜ ಬೀಳುತ್ತದೆ, ಬೀಜ ಬಿದ್ದವರು ಅಂದು ಮನೆಗೆ ಹೋಗಬೇಕು. ಕರಣೆಯ ಹಿಡಿಯಿಂದ ಇಟ್ಟಿಗೆಗೆ ಒಂದು ಸಲ ತಟ್ಟಿದರೆ ಇಟ್ಟಿಗೆ ಕೊಡು, ಎರಡು ಸಲ ತಟ್ಟಿದರೆ ಗಾರೆ, ಮೂರು ಸಲವೆಂದರೆ ನಿಲ್ಲಿಸು. ಇಷ್ಟೇ ನಮ್ಮ ಭಾಷೆ. ನಾಲ್ವರು ಬೀಜವನ್ನು ಬಾಯಿಗೆ ಹಾಕಿಕೊಂಡರು. ಐದನೆಯವಳು ಅದನ್ನು ಕೈಯಲ್ಲೇ ಹಿಡಿದು ನನ್ನನ್ನು ನೋಡಿ, "ಮೇಸ್ತ್ರಿಗಳೇ, ನನ್ನ ಹೆಸರು ತೆಮೀನಾ. ಬಾಯಿ ಮುಚ್ಚುವುದಕ್ಕೆ ಮುಂಚೆ ಅರಿಕೆ ಮಾಡಿಕೊಂಡೆ," ಅಂದಳು. ಆಮೇಲೆ ಬಾಯಿಗೆ ಹಾಕಿಕೊಂಡಳು.

ಅವಳ ಮಾತಿನ ಧಾಟಿಗೆ ನನಗೆ ನಗು ಬಂದಿತ್ತು. ನಮ್ಮ ಮುತ್ತಜ್ಜಂದಿರು ಆಡುತ್ತಿದ್ದಂಥ ಮಾತು. ಆಮೇಲೆ ತಿಳಿಯಿತು, ಅವಳು ನಮ್ಮ ಭಾಷೆಯನ್ನು ಕಲಿತದ್ದು ಛತ್ರದ ಗೋಡೆಗಳಿಂದ. ಊರಿನ ಯಾರೂ ಅವರನ್ನು ಮಾತಾಡಿಸುತ್ತಿರಲಿಲ್ಲ. ಛತ್ರ ಕಟ್ಟಿದ ಹಳಬರು ಮಾತ್ರ ಬಾಯಿಬಡುಕರಾಗಿದ್ದಿರಬೇಕು, ಅಲ್ಲಿಯ ಗೋಡೆಗಳು ಮಳೆಗಾಲ ಪೂರ್ತಿ ಗೊಣಗುತ್ತವೆ. 'ಅಪ್ಪಣೆಯಾಗಲಿ', 'ಸುಣ್ಣ ಸಾಲದು', 'ಕೊಂಚ ನೀರು ಕರುಣಿಸಿ' ಎಂದೆಲ್ಲ. ಅವುಗಳ ಜೊತೆಗೆ ಬೈಗುಳಗಳೂ ಇದ್ದವು. ಒಂಬತ್ತು ಮಳೆಗಾಲ ಅವಳು ಗೋಡೆಗೆ ಕಿವಿಯಿಟ್ಟು, ಒಂದೊಂದೇ ಪದ ಕೂಡಿಸಿಕೊಂಡು ಮಾತು ಕಲಿತಿದ್ದಳು.

ಕಲಿಸಲು ಶುರು ಮಾಡಿದ ಒಂದೇ ವಾರದಲ್ಲಿ ನನಗೆ ಗೊತ್ತಾಯಿತು, ಇವಳು ಕಲಿಯುವವಳಲ್ಲ, ಬಲ್ಲವಳು. ಇಟ್ಟಿಗೆಯನ್ನು ಕೈಗೆತ್ತಿಕೊಂಡ ತಕ್ಷಣ ಯಾವ ಮುಖ ಹೊರಗೆ ಬರಬೇಕೆಂದು ಅವಳ ಬೆರಳು ತಾನಾಗಿ ತಿರುಗಿಸುತ್ತಿತ್ತು. ಬುತ್ತಿಯ ಹೊತ್ತಿನಲ್ಲಿ ಕೇಳಿದೆ. "ನಮ್ಮ ಕಡೆ ಮನೆ ಕಟ್ಟುವವರು ಹೆಂಗಸರೇ. ಗಂಡಸರು ಕಲ್ಲು, ಮಣ್ಣು ತಂದುಕೊಡುತ್ತಾರೆ. ಕಟ್ಟುವಾಗ ಹಾಡುತ್ತೇವೆ. ನಾನು ಮೂವತ್ತಾರು ಮನೆ ಕಟ್ಟಿದ್ದೇನೆ. ಈಗ ಎಲ್ಲವೂ ನೀರಿನ ಕೆಳಗಿವೆ," ಅಂದಳು. ಮೂವತ್ತಾರು ಮನೆ ಕಟ್ಟಿದವಳ ತಲೆಯ ಮೇಲೆ ಒಂಬತ್ತು ವರ್ಷ ನಾವು ಬಾಂಡ್ಲಿ ಹೊರಿಸಿದ್ದೆವು. ನಾನು ಕಕ್ಕಾಬಿಕ್ಕಿಯಾಗಿ, "ಸುಮ್ನೆ ಉಣ್ಣಮ್ಮ, ಹೊತ್ತಾಯ್ತು," ಅಂದೆ.

ಎರಡು ವರ್ಷ ಕಳೆಯಿತು. ಐವರಲ್ಲಿ ಮೊದಲು ಪರೀಕ್ಷೆಗೆ ನಿಂತವಳು ತೆಮೀನಾ. ನಮ್ಮಲ್ಲಿ ಪರೀಕ್ಷೆ ಎಂದರೆ ಒಂದು ಗೋಡೆ. ಕಲಿತವರು ಅದನ್ನು ಒಬ್ಬರೇ ಕಟ್ಟಬೇಕು, ಗಾರೆ ಹೊತ್ತುಕೊಡಲು ಮಾತ್ರ ಹಿರಿಯರು ಒಬ್ಬರನ್ನು ಕೊಡುತ್ತಾರೆ. ಆಮೇಲೆ ಮೊದಲ ಮೋಡದ ದಿನ ಮೂವರು ಹಿರಿಯರು ಬಂದು ಗೋಡೆಗೆ ಕಿವಿಯಿಡುತ್ತಾರೆ. ಸದ್ದಿಲ್ಲದಿದ್ದರೆ ಕರಣೆ ಕೊಡುತ್ತಾರೆ. ಒಂದು ಮಾತು ಕೇಳಿದರೂ, ಅದು ಯಾರದೇ ಆಗಿರಲಿ, ಗೋಡೆ ಕಟ್ಟಿದವರು ಈ ಊರಿನಲ್ಲಿ ಮತ್ತೆ ಕರಣೆ ಮುಟ್ಟುವಂತಿಲ್ಲ. ಸುತ್ತಲಿನವರ ಬಾಯಿ ಕಾಯುವುದೂ ಮೇಸ್ತ್ರಿಯ ಕೆಲಸವೇ ಎನ್ನುವುದು ಹಿರಿಯರ ವಾದ. ಅವಳಿಗೆ ಕರಣೆ ಸಿಕ್ಕರೆ ನಲವತ್ತು ಸಂಸಾರಗಳಿಗೆ ಸ್ವಂತ ಮನೆ ಕಟ್ಟಿಕೊಡುವ ಕೈ ಸಿಕ್ಕಂತೆ. ಸಿಗದಿದ್ದರೆ ಉಳಿದ ನಾಲ್ವರನ್ನೂ ಯಾರೂ ಪರೀಕ್ಷೆಗೆ ಕರೆಯುವುದಿಲ್ಲ ಎಂದು ಮೇಸ್ತ್ರಿಗಳು ಆಗಲೇ ಆಡಿಕೊಳ್ಳುತ್ತಿದ್ದರು.

ಅವಳ ಪಾಲಿಗೆ ಬಂದದ್ದು ಶಾಲೆಯ ಹೊಸ ಕೋಣೆಯ ಹಿಂಬದಿ ಗೋಡೆ. ಹಿರಿಯರು ಅದನ್ನೇ ಆರಿಸಿದ್ದಕ್ಕೆ ಕಾರಣವಿತ್ತು. ಆ ಕೋಣೆ ಛತ್ರದ ಮಕ್ಕಳಿಗೆಂದು ಕಟ್ಟಿಸುತ್ತಿದ್ದುದು. ಕೆಟ್ಟರೂ ಅವರ ಮಕ್ಕಳ ಗೋಡೆ ಕೆಡಲಿ ಎಂಬ ಲೆಕ್ಕಾಚಾರ.

ಬಿರುಬೇಸಿಗೆ. ಕೆಂಪು ಬಟ್ಟೆ ಕಟ್ಟಿದೆವು. ಪರೀಕ್ಷೆಯ ಗೋಡೆಗೆ ಮೊದಲ ಮೂಲೆಯನ್ನು ಗುರುವೇ ಇಡಬೇಕು, ಒಂದರ ಮೇಲೊಂದು ಮೂರು ವರಸೆ ಇಟ್ಟಿಗೆ. ಅಲ್ಲಿಂದ ದಾರ ಎಳೆದು ಕಲಿತವರು ಮುಂದುವರಿಸುತ್ತಾರೆ. ನಾನು ಇಟ್ಟೆ. ಐವತ್ತು ವರ್ಷದಿಂದ ಇಡುತ್ತಿರುವವನಿಗೆ ನೆಟ್ಟಗಿದೆಯೇ ಎಂದು ದಾರಕ್ಕೆ ಕಟ್ಟಿದ ತೂಕದ ಗುಂಡು ಬಿಟ್ಟು ನೋಡುವ ಅಗತ್ಯ ಕಾಣಲಿಲ್ಲ. ಕಣ್ಣಳತೆಯಲ್ಲೇ ಇಟ್ಟೆ. ಅವಳು ಮಾತ್ರ ನಾನು ಎದ್ದ ಮೇಲೆ ಗುಂಡು ಬಿಟ್ಟು ನೋಡಿದಳು. ನನಗದು ಅಷ್ಟು ಹಿಡಿಸಲಿಲ್ಲ.

ಮೂಲೆ ಇಟ್ಟ ಮೇಲೆ ಎರಡು ದಿನ ಊರಿಂದ ಹೊರಗೆ ನನಗೊಂದು ಕೆಲಸವಿತ್ತು. ಮೂರನೆಯ ದಿನ ಮಧ್ಯಾಹ್ನ ಬಂದು ನೋಡಿದರೆ ಗೋಡೆ ಎದೆಮಟ್ಟಕ್ಕೆ ಎದ್ದಿತ್ತು. ಮೂಲೆಯಲ್ಲಿ ನಾನಿಟ್ಟ ಮೂರು ವರಸೆ ಒಂದು ಕಡೆ, ಅವಳ ಇಟ್ಟಿಗೆ ಒಂದು ಕಡೆ. ನಾಲ್ಕನೆಯ ವರಸೆಯಿಂದ ಅವಳು ಅರ್ಧ ಬೆರಳು ಒಳಗೆ ಸರಿಸಿಕೊಂಡು ಹೋಗಿದ್ದಳು. ನನಗೆ ಪಿತ್ತ ನೆತ್ತಿಗೇರಿತು. ಗುರು ಇಟ್ಟ ಮೂಲೆಯನ್ನು ಬಿಟ್ಟು ಕಟ್ಟುವುದೆಂದರೆ? ಮೂರು ಸಲ ತಟ್ಟಿದೆ. ಅವಳು ತಿರುಗಿ ನೋಡಿ, ಗುಂಡಿನ ದಾರವನ್ನು ನನ್ನ ಕಡೆ ಚಾಚಿದಳು, ನೀವೇ ನೋಡಿ ಎನ್ನುವ ಹಾಗೆ. ನಾನು ದಾರವನ್ನು ತಳ್ಳಿ ಮತ್ತೆ ಮೂರು ಸಲ ತಟ್ಟಿದೆ. ಅವಳು ಇನ್ನೊಂದು ಇಟ್ಟಿಗೆ ಕೈಗೆತ್ತಿಕೊಂಡಳು. ಆಗ ನನ್ನ ಬಾಯಿಂದ ಬಂತು:

"ಎಷ್ಟ್ ಕಲ್ಸಿದ್ರೂ ಅಷ್ಟೆ! ನಿಮ್ಮೋರ ಕೈ ಇರೋದು ಬಾಂಡ್ಲಿ ಹೊರೋಕೇ!"

ನನ್ನ ಹುಣಸೆ ಬೀಜ ಕಾಲ ಬಳಿ ಬಿದ್ದಿತ್ತು. ಹಸಿ ಗಾರೆ ನನ್ನ ಎದೆಯ ನೇರಕ್ಕಿತ್ತು. ಗಾರೆ ಕೊಡುತ್ತಿದ್ದ ಹೆಂಗಸು ಆಗ ನೀರು ತರಲು ಹೋಗಿದ್ದಳು, ನಾವಿಬ್ಬರೇ ಇದ್ದೆವು. ತೆಮೀನಾ ನನ್ನ ಮುಖವನ್ನೇ ನೋಡಿದಳು. ಅವಳ ದವಡೆ ಅಲುಗಿತು, ಬಾಯಿ ತೆರೆಯಲಿಲ್ಲ. ತೆರೆಯುವಂತಿರಲಿಲ್ಲ. ಎದುರು ಹಸಿಗೋಡೆ ಇರುವಾಗ ಅವಳು ನನಗೆ ಒಂದು ಮಾತೂ ಹೇಳುವ ಹಾಗಿರಲಿಲ್ಲ. ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲಿಲ್ಲ. ತಿರುಗಿ ಆ ಇಟ್ಟಿಗೆಯನ್ನು ಇಟ್ಟಳು. ಒಂದು ಸಲ ಹಿಡಿಯಿಂದ ತಟ್ಟಿ ಕೂರಿಸಿ, ಮುಂದಿನದಕ್ಕೆ ಕೈ ಹಾಕಿದಳು.

ಸಂಜೆ ಎಲ್ಲರೂ ಹೋದ ಮೇಲೆ ನಾನು ಗುಂಡು ಬಿಟ್ಟು ನೋಡಿದೆ. ನಾನಿಟ್ಟ ಮೂಲೆ ಅರ್ಧ ಬೆರಳು ಹೊರಗೆ ವಾಲಿತ್ತು. ಅವಳದು ನೂಲು ಹಿಡಿದ ಹಾಗೆ ನೆಟ್ಟಗಿತ್ತು. ಎರಡು ದಿನ ಅವಳು ನನ್ನ ತಪ್ಪನ್ನು ಯಾರಿಗೂ ಕಾಣದಂತೆ ತಿದ್ದುತ್ತಿದ್ದಳು. ನಾನು ಗುಂಡನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಯಾರಿಗೂ ಹೇಳಲಿಲ್ಲ.

ಮಳೆಗೆ ಇನ್ನೂ ಒಂದೂವರೆ ತಿಂಗಳಿತ್ತು. ಊರೆಲ್ಲ ಮೋಡ ಬರಲಿ ಎನ್ನುವಾಗ ನಾನೊಬ್ಬ ಬರದಿರಲಿ ಎಂದು ಹರಕೆ ಹೊತ್ತೆ. ದಿನಾ ಮಧ್ಯಾಹ್ನ ಶಾಲೆಯ ಕಡೆ ಹೋಗಿ ಗೋಡೆಗೆ ಕಿವಿಯಿಡುತ್ತಿದ್ದೆ. ಬಿಸಿಲಿಗೆ ಗೋಡೆ ಒಣಗಿ ಬೆಚ್ಚಗಿರುತ್ತಿತ್ತು, ಏನೂ ಕೇಳುತ್ತಿರಲಿಲ್ಲ. ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದೆ, ಗಾರೆ ಹಿಡಿದುಕೊಂಡಿಲ್ಲವೇನೋ, ನನ್ನ ಪುಣ್ಯ. ಹಿಡಿದುಕೊಂಡಿರುತ್ತದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಗುರುವೇ ಹಸಿಗೋಡೆಯೆದುರು ಮಾತಾಡಿದರೆ ಗುರುವಿನ ಕರಣೆ ಹೋಗುತ್ತದೆ ಎನ್ನುವ ಕಟ್ಟಳೆಯೂ ಇತ್ತು. ನಮ್ಮ ಕಾಲದಲ್ಲಿ ಅದು ಯಾರಿಗೂ ಆದದ್ದಿಲ್ಲ. ಅದನ್ನು ನೆನೆದಾಗಲೆಲ್ಲ ನನ್ನ ಕೈ ಕರಣೆಯ ಹಿಡಿಯನ್ನು ಹುಡುಕುತ್ತಿತ್ತು. ಹಲಸಿನ ಮರದ ಹಿಡಿ ಅದು, ಹೆಬ್ಬೆರಳು ಕೂರುವ ಕಡೆ ಐವತ್ತು ವರ್ಷಕ್ಕೆ ಗುಳಿ ಬಿದ್ದಿತ್ತು.

ಒಂದು ಮಧ್ಯಾಹ್ನ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡೇ ಹೋದೆ. ಆ ಜಾಗದ ಗಾರೆ ಕೆರೆದು ಹೊಸದಾಗಿ ಮೆತ್ತಿಬಿಡೋಣ ಎಂದು. ಹೋದರೆ ತೆಮೀನಾ ಅಲ್ಲಿದ್ದಳು. ಗೋಡೆಗೆ ನೀರು ಚಿಮುಕಿಸುತ್ತಿದ್ದಳು. ಅವಳ ಮಗಳು, ಏಳೆಂಟು ವರ್ಷದ ಮಗು, ನೆರಳಿನಲ್ಲಿ ಕೂತು ನೆಲದ ಮೇಲೆ ಕಡ್ಡಿಯಿಂದ ಗೀಚುತ್ತಿತ್ತು. ತೆಮೀನಾ ನನ್ನ ಚೀಲವನ್ನು ನೋಡಿದಳು. ಉಳಿಯ ತುದಿ ಹೊರಗೆ ಕಾಣುತ್ತಿತ್ತು.

"ಕೆರೆದರೆ ಹೋಗದು, ಮೇಸ್ತ್ರಿಗಳೇ," ಅಂದಳು. "ಸಂದಿನ ಗಾರೆಯೊಳಗೆ ಇಳಿದಿರುತ್ತದೆ. ತಾವೇ ಕಲಿಸಿದ್ದು."

"ಯಾರ್ಗಾದ್ರೂ ಹೇಳ್ದ್ಯಾ?"

"ಇಲ್ಲ."

"ಯಾಕೆ?"

ಅವಳು ಚೊಂಬನ್ನು ಕೆಳಗಿಟ್ಟಳು. "ನಾನು ಹೇಳಿದರೆ ಹಿರಿಯರು ನಂಬುತ್ತಾರೆಯೇ? ಗುರುವಿನ ಮೇಲೆ ಅಪವಾದ ಹೊರಿಸಿದಳು ಅನ್ನುತ್ತಾರೆ. ಕರಣೆಯೂ ಹೋದೀತು, ಮಾನವೂ ಹೋದೀತು." ಮಗಳ ಕಡೆ ನೋಡಿದಳು. "ಅವಳು ಛತ್ರದಲ್ಲೇ ಹುಟ್ಟಿದವಳು. ನಿಮ್ಮ ಭಾಷೆಯನ್ನು ಅವಳೂ ಗೋಡೆಯಿಂದಲೇ ಕಲಿತಳು. ನಾನು ಹೇಳಿಕೊಡದ ಮಾತುಗಳೆಲ್ಲ ಅವಳಿಗೆ ಬರುತ್ತವೆ. ಹೋದ ಮಳೆಗಾಲದಲ್ಲಿ ಒಂದು ದಿನ ನನ್ನನ್ನು ಎಲೇ ದರಿದ್ರದವಳೇ ಎಂದು ಕರೆದಳು. ಅದು ಬೈಗುಳವೆಂದು ಅವಳಿಗೆ ಗೊತ್ತಿಲ್ಲ. ಮಳೆ ಬಿದ್ದ ಮೇಲೆ ಇಪ್ಪತ್ತೆಂಟು ಮಕ್ಕಳು ಈ ಗೋಡೆಗೆ ಬೆನ್ನು ಕೊಟ್ಟು ಕೂರುತ್ತಾರೆ. ನನ್ನ ಕರಣೆಯ ಮಾತು ಹಾಗಿರಲಿ. ಅವರು ತಮ್ಮ ಕೈ ಯಾತಕ್ಕೆ ಇದೆ ಎನ್ನುವುದನ್ನು ಈ ಗೋಡೆಯಿಂದ ಕಲಿಯುತ್ತಾರೆ."

"ನಾನು ಹಿರಿಯರ ಹತ್ರ ಹೋಗಿ ಹೇಳ್ಲಾ?" ಎಂದು ಕೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಬೇಡ ಅಂದಾಳು ಎಂಬ ಆಸೆಯಿಂದಲೇ ಕೇಳಿದ್ದು.

"ಅದನ್ನು ನನ್ನನ್ನು ಕೇಳಬೇಡಿ," ಅಂದಳು ಅವಳು. "ಆಡುವಾಗ ನನ್ನನ್ನು ಕೇಳಿ ಆಡಿದಿರಾ?" ಚೊಂಬೆತ್ತಿಕೊಂಡು ಮತ್ತೆ ನೀರು ಚಿಮುಕಿಸತೊಡಗಿದಳು. ನಾನು ಉಳಿಯನ್ನು ಚೀಲದೊಳಗೆ ತಳ್ಳಿಕೊಂಡು ಮನೆಗೆ ಬಂದೆ. ಹಿರಿಯರಲ್ಲೊಬ್ಬನ ಮನೆಯ ಮುಂದಿನಿಂದಲೇ ಬಂದೆ. ಬಾಗಿಲು ತೆರೆದಿತ್ತು. ಒಳಗೆ ಹೋಗಲಿಲ್ಲ.

ಮೋಡ ಬಂದೇ ಬಂತು. ಬೆಳಿಗ್ಗೆ ಎದ್ದು ಒಲೆ ಹಚ್ಚುವಾಗ ಅಡುಗೆಮನೆ ಗೋಡೆ, "ಬಿಸ್ಲು ಏರ್ತು, ಉಂಡು ಹೋಗಿ," ಅಂದಿತು. ಹೊರಗೆ ಬಿಸಿಲಿರಲಿಲ್ಲ, ಆಕಾಶ ಕಪ್ಪಿಟ್ಟಿತ್ತು. ಸಾವಂತ್ರಮ್ಮ ಆ ಗೋಡೆಯಲ್ಲಿ ಕೂಡಿಸಿಟ್ಟ ಪ್ರೀತಿಗೆ ನಾನು ಎರಡು ದಿನ ಮುನಿಸಿಕೊಂಡಿದ್ದೆ. ಈಗ ನಾನೇ ಒಂದು ಗೋಡೆಗೆ ಏನನ್ನು ಕೊಟ್ಟು ಬಂದಿದ್ದೇನೆ ಎನಿಸಿ, ಒಲೆಯ ಮುಂದೆ ಕೂತು ಅತ್ತೆ. ಉಣ್ಣಲಿಲ್ಲ.

ಶಾಲೆಯ ಹತ್ತಿರ ಊರೇ ನೆರೆದಿತ್ತು. ಮೇಸ್ತ್ರಿಗಳು, ಗುತ್ತಿಗೆದಾರರು, ದೂರದಲ್ಲಿ ಗುಂಪಾಗಿ ಛತ್ರದವರು. ದೇವೀರಮ್ಮ ಛತ್ರಿ ಹಿಡಿದು ತೆಮೀನಾಳ ಪಕ್ಕ ನಿಂತಿದ್ದಳು. ಮೂವರು ಹಿರಿಯರಲ್ಲಿ ದೊಡ್ಡವನು ಮುದ್ವೀರಪ್ಪ, ನನ್ನ ಜೊತೆಯಲ್ಲೇ ಕಸುಬು ಕಲಿತವನು. ಮೂವರೂ ರುಮಾಲು ತೆಗೆದು ಗೋಡೆಗೆ ಕಿವಿಯಿಟ್ಟರು. ತುಂತುರು ಶುರುವಾಯಿತು. ಬುಡದಿಂದ ಕೇಳುತ್ತಾ ಬಂದರು, ಏನಿಲ್ಲ. ಸೊಂಟದ ಮಟ್ಟ, ಏನಿಲ್ಲ. ದೇವೀರಮ್ಮನ ಮುಖ ಅರಳತೊಡಗಿತು. ಎದೆಮಟ್ಟಕ್ಕೆ ಬಂದಾಗ ಕಿವಿಯಿಡುವ ಅಗತ್ಯವೇ ಬೀಳಲಿಲ್ಲ. ಗೋಡೆ ಒಮ್ಮೆ ಗಂಟಲು ಸರಿಮಾಡಿಕೊಂಡಂತೆ ಸದ್ದು ಮಾಡಿ, ಎಲ್ಲರಿಗೂ ಕೇಳುವ ಹಾಗೆ ಆ ಮಾತು ಹೇಳಿತು.

ಹೊಸ ಗೋಡೆಯ ದನಿ ಒಡಕಾಗಿರುತ್ತದೆ, ಯಾರದೆಂದು ಗುರುತು ಹತ್ತುವುದಿಲ್ಲ. ಎರಡು ಮಳೆಗಾಲ ಕಳೆದ ಮೇಲೆ ತಿಳಿಯಾಗುತ್ತದೆ. ಜನ ಮುಖ ಮುಖ ನೋಡಿಕೊಂಡರು. ಗುತ್ತಿಗೆದಾರನೊಬ್ಬ, "ಗೋಡೆ ಸುಳ್ಳೇನೂ ಹೇಳ್ಲಿಲ್ಲ ಬಿಡ್ರಪ್ಪ," ಅಂದ. ನಾಲ್ಕೈದು ಜನ ನಕ್ಕರು. ತೆಮೀನಾ ತಲೆ ತಗ್ಗಿಸಲಿಲ್ಲ. ನೇರವಾಗಿ ಗೋಡೆಯನ್ನೇ ನೋಡುತ್ತಾ ನಿಂತಿದ್ದಳು. ಅವಳ ಮಗಳು ಮಾತ್ರ ತಾಯಿಯ ಸೆರಗು ಎಳೆದು ಏನೋ ಕೇಳಿತು. ತನ್ನ ಎರಡೂ ಅಂಗೈ ತಿರುಗಿಸಿ ನೋಡಿಕೊಂಡಿತು.

ಮುದ್ವೀರಪ್ಪ ರುಮಾಲು ಸುತ್ತಿಕೊಂಡ. "ಯಾರ್ ಆಡಿದ್ರೋ ನಮ್ಗೆ ಬೇಡ. ಗೋಡೆ ಮಾತಾಡ್ತು. ಕಟ್ಟಳೆ ಕಟ್ಟಳೇನೆ. ಈ ಹೆಣ್ಮಗಳಿಗೆ ಕರಣೆ..."

"ಮುದ್ವೀರ, ನಿಲ್ಲು. ಆ ಮಾತು ನಂದು," ಅಂದೆ.

ಜನರನ್ನು ಸರಿಸಿಕೊಂಡು ಗೋಡೆಯ ಹತ್ತಿರ ಬಂದೆ. "ಗುರು ಆಗಿ ನಿಂತು ನಾನೇ ಆಡ್ದೆ. ಆಡಿದ್ದು ತಪ್ಪು, ಅದ್ಕಿಂತ ಹೆಚ್ಗೆ ಅದು ಸುಳ್ಳು. ನಂಬ್ದೇ ಇದ್ರೆ ಗುಂಡು ಬಿಟ್ಟು ನೋಡು. ಬುಡದ ಮೂರು ವರ್ಸೆ ನಾನಿಟ್ಟಿದ್ದು." ನಾನೇ ಚೀಲದಿಂದ ಗುಂಡು ತೆಗೆದು ಅವನ ಕೈಗೆ ಕೊಟ್ಟೆ. ಅವನು ಮೂಲೆಗೆ ಬಿಟ್ಟ. ದಾರ ಅವಳ ಇಟ್ಟಿಗೆಗಳನ್ನು ಒಂದೇ ಸಮ ಸವರಿಕೊಂಡು ಇಳಿದು, ನನ್ನ ಮೂರು ವರಸೆಗೆ ತಾಗಿ ಹೊರಕ್ಕೆ ಬಾಗಿತು. ಉಳಿದ ಇಬ್ಬರು ಹಿರಿಯರೂ ಬಗ್ಗಿ ನೋಡಿದರು. ಮೇಸ್ತ್ರಿಗಳು ಒಬ್ಬೊಬ್ಬರಾಗಿ ಬಂದು ನೋಡಿದರು. ನಕ್ಕವರೂ ಬಂದು ನೋಡಿದರು.

ಮುದ್ವೀರಪ್ಪ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಬಾಯ್ಮುಚ್ಕೊಂಡು ನಿಂತಿದ್ರೆ ಆಗ್ತಿತ್ತಲ್ಲೋ. ಯಾರ್ಗೂ ತಿಳೀತಿರ್ಲಿಲ್ಲ," ಅಂದ.

"ಬಾಯ್ಮುಚ್ಕೋಬೇಕಾಗಿದ್ದು ಅವತ್ತು ಕಣೋ. ಇವತ್ತಲ್ಲ."

ಸೊಂಟದಿಂದ ಕರಣೆ ತೆಗೆದು ಅವನ ಕಾಲ ಬಳಿ ನೆಲಕ್ಕಿಟ್ಟೆ. ಮಳೆಹನಿ ಹಿಡಿಯ ಗುಳಿಯಲ್ಲಿ ನಿಂತಿತು. ಅವನು ಬಹಳ ಹೊತ್ತು ಅದನ್ನು ಎತ್ತಿಕೊಳ್ಳಲಿಲ್ಲ. ಕೊನೆಗೆ ಎತ್ತಿಕೊಂಡು ತನ್ನ ರುಮಾಲಿನ ತುದಿಯಲ್ಲಿ ಒರೆಸಿದ. ಮೂವರು ಪಕ್ಕಕ್ಕೆ ಸರಿದು ಮಾತಾಡಿಕೊಂಡು ಬಂದರು. ಗೋಡೆ ಕೆಡವಬೇಕು. ಗುರು ಕೆಡಿಸಿದ್ದರಿಂದ ಅವಳಿಗೆ ಇನ್ನೊಂದು ಗೋಡೆ. ಗುರು ಇಲ್ಲದೆ ಕಟ್ಟಬೇಕು, ಗಾರೆ ಕೊಡಲು ತನಗೆ ಬೇಕಾದ ಒಬ್ಬರನ್ನು ಅವಳೇ ಆರಿಸಿಕೊಳ್ಳಬಹುದು.

ನಾನು ತೆಮೀನಾಳ ಎದುರು ಹೋಗಿ ನಿಂತೆ. ಕ್ಷಮಿಸು ಎಂದು ಹೇಳಿದೆ. "ನನಗೆ ಸಿಟ್ಟಿದೆ, ಮೇಸ್ತ್ರಿಗಳೇ," ಅಂದಳು ಅವಳು. "ಹೋಗುವಾಗ ಹೋದೀತು. ಮೊದಲು ಗೋಡೆ ಕೆಡವೋಣ, ಮಕ್ಕಳು ಕೇಳಿಸಿಕೊಳ್ಳುತ್ತಿದ್ದಾರೆ." ದೇವೀರಮ್ಮ ಹಾರೆ ತರಿಸಿದಳು. ಕೆಡವುವಾಗಲೂ ಗೋಡೆ ಮಳೆಯಲ್ಲಿ ಎರಡು ಸಲ ಅದನ್ನೇ ಹೇಳಿತು. ಆ ಗಾರೆಯ ಹೆಂಟೆಗಳನ್ನು ನಾನೇ ಕುಟ್ಟಿ ಪುಡಿ ಮಾಡಿ ಹೊಳೆಗೆ ಹಾಕಿ ಬಂದೆ.

ಪರೀಕ್ಷೆ ಏನಾಯಿತು ಎಂದು ಕಾಯುವವರಿಗೆ ಈಗಲೇ ಹೇಳಿಬಿಡುತ್ತೇನೆ. ಎರಡನೆಯ ಗೋಡೆಗೆ ಹಿರಿಯರು ಕಿವಿಯಿಟ್ಟ ದಿನ ಜೋರು ಮಳೆಯಿತ್ತು. ಬುಡದಿಂದ ತುದಿಯವರೆಗೆ ಗೋಡೆ ತುಟಿ ಬಿಚ್ಚಲಿಲ್ಲ. ತೆಮೀನಾಳಿಗೆ ಕರಣೆ ಸಿಕ್ಕಿತು, ಮುಂದಿನ ಎರಡು ವರ್ಷಗಳಲ್ಲಿ ಉಳಿದವರಲ್ಲಿ ಮೂವರಿಗೂ ಸಿಕ್ಕಿತು. ಛತ್ರ ಈಗ ಅರ್ಧ ಖಾಲಿ. ಅವಳ ಸ್ವಂತ ಮನೆಯ ಒಂದು ಗೋಡೆಯನ್ನು ಮಾತ್ರ ಅವಳು ಬೇಕೆಂದೇ ಹಾಡುತ್ತಾ ಕಟ್ಟಿದಳಂತೆ. ಊರಿನಲ್ಲಿ ಸ್ವಲ್ಪ ದಿನ ಗುಲ್ಲಾಯಿತು. ಮಳೆ ಬಂದಾಗ ಆ ಬೀದಿಯಲ್ಲಿ ನಡಿಗೆ ನಿಧಾನ ಮಾಡುವವರು ಇದ್ದಾರೆಂದು ಕೇಳಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಆದರೆ ನಾನು ಹೇಳಬೇಕೆಂದು ಕೂತದ್ದು ಆ ಎರಡನೆಯ ಗೋಡೆ ಎಬ್ಬಿಸಲು ಶುರು ಮಾಡಿದ ದಿನದ ಮಾತು. ಮಳೆ ನಾಲ್ಕು ದಿನ ಬಿಡುವು ಕೊಟ್ಟಿತ್ತು. ಬೆಳಿಗ್ಗೆ ದೇವೀರಮ್ಮ ನಮ್ಮ ಮನೆ ಬಾಗಿಲಿಗೆ ಬಂದು, "ಅವ್ಳು ನಿಮ್ಮನ್ನ ಕರೀತವ್ಳೆ ರುದ್ರಣ್ಣ. ಬಾಂಡ್ಲಿಗೆ," ಅಂದಳು. ನನಗೆ ನಂಬಿಕೆಯಾಗಲಿಲ್ಲ. ಹೋದೆ.

ಶಾಲೆಯ ಹಿಂದೆ ತೆಮೀನಾ ಗಳಕ್ಕೆ ಕೆಂಪು ಬಟ್ಟೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ, ಹಳೆಯ ಸೀರೆಯ ತುಂಡೊಂದನ್ನು ಸುತ್ತಿ ಸಿಂಬಿ ಮಾಡಿ ಕೊಟ್ಟಳು. ಅದನ್ನು ತಲೆಯ ಮೇಲೆ ಹೇಗಿಡಬೇಕೆಂದು ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ನನ್ನ ಸುತ್ತ ಸಿಂಬಿ ಹೊತ್ತ ತಲೆಗಳೇ ಓಡಾಡಿದ್ದವು, ನಾನು ನೋಡಿರಲಿಲ್ಲ. ಅವಳೇ ಸರಿಮಾಡಿ ಇಟ್ಟಳು. ಆಮೇಲೆ ಸೊಂಟದ ಗಂಟು ಬಿಚ್ಚಿ ಒಂದು ಹುರಿದ ಹುಣಸೆ ಬೀಜ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಮೊದಲ ದಿನ ನಾನು ಇಟ್ಟ ಹಾಗೆಯೇ. ಇನ್ನೊಂದನ್ನು ತನ್ನ ನಾಲಗೆಯ ಕೆಳಗೆ ಹಾಕಿಕೊಂಡಳು. ನಾನೂ ಹಾಕಿಕೊಂಡೆ.

ಬಾಂಡ್ಲಿ ಭಾರವೆಂದು ನನಗೆ ತಿಳಿದಿತ್ತು, ಇಷ್ಟು ಎಂದು ತಿಳಿದಿರಲಿಲ್ಲ. ಸುಣ್ಣದ ನೀರು ಸಿಂಬಿಯಿಂದ ಇಳಿದು ಕಿವಿಯ ಹಿಂದೆ ಉರಿಯುತ್ತದೆ. ಕತ್ತು ತಿರುಗಿಸುವಂತಿಲ್ಲ. ಕಣ್ಣು ತಗ್ಗಿಸಿ ನಡೆದರೆ ಕಟ್ಟುವವರ ಹಿಮ್ಮಡಿ ಮಾತ್ರ ಕಾಣುತ್ತದೆ. ಇವರೆಲ್ಲ ಇಷ್ಟು ವರ್ಷ ನನ್ನ ಹಿಮ್ಮಡಿಯನ್ನು ನೋಡಿಕೊಂಡು ಬದುಕಿದ್ದರು.

ಮೊದಲ ಮೂಲೆ ಇಡುವ ಹೊತ್ತು ಬಂತು. ಗುರು ಇಡಬೇಕಾದ ಮೂಲೆ. ಅವಳು ಕರಣೆ ಹಿಡಿದು ಒಂದು ಗಳಿಗೆ ನಿಂತಳು. ನಾನು ಬಾಂಡ್ಲಿ ಇಳಿಸಿ ಎರಡು ಹೆಜ್ಜೆ ಹಿಂದೆ ಸರಿದೆ. ಅವಳು ಕೂತು ಮೂರು ವರಸೆಯನ್ನೂ ತಾನೇ ಇಟ್ಟಳು. ಗುಂಡು ಬಿಟ್ಟಳು. ಆಮೇಲೆ ದಾರದ ತುದಿಯನ್ನು ನನ್ನ ಕಡೆ ಚಾಚಿದಳು.

ಈ ಸಲ ನಾನು ಹಿಡಿದುಕೊಂಡೆ. ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದೆ. ದಾರ ಮೇಲಿನಿಂದ ಕೆಳಗಿನವರೆಗೆ ಇಟ್ಟಿಗೆಗೆ ಸಮನಾಗಿ ಇಳಿದಿತ್ತು, ಒಂದು ಕೂದಲೆಳೆ ಆಚೀಚೆಯಿಲ್ಲ. ಸರಿಯಾಗಿದೆ ತಾಯಿ ಎಂದು ಹೇಳಬೇಕೆನಿಸಿತು. ಎದುರು ಗಾರೆ ಹಸಿಯಾಗಿತ್ತು, ನಾಲಗೆಯ ಕೆಳಗೆ ಬೀಜವಿತ್ತು. ತಲೆಯಾಡಿಸಿದೆ.

ಅವಳು ಕರಣೆಯ ಹಿಡಿಯಿಂದ ಎರಡು ಸಲ ತಟ್ಟಿದಳು. ನಾನು ಬಾಂಡ್ಲಿ ಎತ್ತಿಕೊಂಡೆ.